ಹಾರ ಹಾಕಿಸಿಕೊಂಡವರ ಹೆಬ್ಬೆಟ್ಟು

ನನ್ನ ಮೂಗಿಗೂ ಕುದಿಯುವ ನೀರಿಗೂ ನಡುವೆ ಒಂದು ಗೇಣು.

ನೀರಿನಲ್ಲಿ ರೇಷ್ಮೆ ಗೂಡುಗಳು ಕುಣಿಯುತ್ತಿದ್ದವು. ಬೆಂದ ಹುಳುವಿನ ನಾತ ಸೀದಾ ನೆತ್ತಿಗೆ ಹತ್ತಿತು. ಕತ್ತಿನ ಹಿಂದೆ ಒಂದು ಕೈ. ಕೈ ಅಲ್ಲ ಸಾರ್... ಒರಳುಗುಂಡು!

"ಹೇಳಲೇ ಆನಂದ! ನಮ್ಮಪ್ಪ ಯಾವಾಗ ಓಟ್ ಹಾಕಿದ್ದು?"

"ಯಾವ ಅಪ್ಪ, ದೇವರಾಜಣ್ಣ?"

"ನಂಗೆ ಎಷ್ಟ್ ಜನ ಅಪ್ಪಂದಿರು ಅವ್ರಲೇ?"

ಗೇಣು ಅರ್ಧ ಗೇಣಾಯಿತು.

ನೀವು ಬಂದಾಗಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. ದುಡ್ಡು ಕೊಟ್ಟು ಸೋಷಿಯಲ್ ಮೀಡಿಯಾದಲ್ಲಿ ಮಷೀನ್ ಓಟು ಹಾಕಿಸಿದರೆ ಲಾಭ ಇದೆಯಾ ಅಂತ. ಹೇಳುತ್ತೇನೆ. ಆದರೆ ಮೊದಲು ನನ್ನ ಮುಖ ಆ ಬಾಣಲೆಯಿಂದ ಈಚೆ ಬರಲಿ.

ಊರು ವಿಜಯಪುರ. ನಮ್ಮ ದೇವನಹಳ್ಳಿ ಪಕ್ಕದ್ದು. ಬಾಣಲೆ ದೇವರಾಜನದು. ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕದ ಮಾಲೀಕ. ಪುರಸಭೆ ಚುನಾವಣೆಗೆ ಪಕ್ಷದ ಟಿಕೆಟ್ ಬೇಕಿತ್ತು ಅವನಿಗೆ. ಅದೇ ವಾರ್ಡಿಗೆ ಅದೇ ಟಿಕೆಟ್ ಕೇಳುತ್ತಿದ್ದವನು ಕೆಂಪರಾಜ್. ಟೈಲ್ಸ್ ಅಂಗಡಿಯವನು. ನನ್ನ ಪಾರ್ಟಿ.

ಪಾರ್ಟಿ ಅಂದರೆ ಗಿರಾಕಿ. ನನಗೆ ಬೇರೆ ಪಾರ್ಟಿ ಇಲ್ಲ.

ನನ್ನ ಕೆಲಸ ಗಂಟು ಬಿಚ್ಚುವುದು. ಬಿಚ್ಚದಿದ್ದರೆ ಕತ್ತರಿಸುವುದು. ಬಿ.ಕಾಂ. ಮಾಡಿದ್ದೇನೆ. ಪ್ರಿನ್ಸಿಪಾಲರ ದನಿಯಲ್ಲಿ ಮೈಕ್ ಹಿಡಿದು ಇಡೀ ಕಾಲೇಜಿಗೆ ರಜೆ ಘೋಷಿಸಿ ಸಸ್ಪೆಂಡ್ ಆದವನು ನಾನೇ. ಗಂಡಸು, ಹೆಂಗಸು, ಬಸ್ ಹಾರ್ನು... ಒಮ್ಮೆ ಕೇಳಿದರೆ ಸಾಕು, ಗಂಟಲು ಹಿಡಿದುಕೊಳ್ಳುತ್ತದೆ.

ಆ ಗಂಟಲನ್ನೇ ಅವತ್ತು ದೇವರಾಜ್ ಹಿಡಿದುಕೊಂಡಿದ್ದ!

ಆದದ್ದು ಇಷ್ಟು. ಪಕ್ಷದವರು ತಮ್ಮ ಪೇಜಿನಲ್ಲಿ ಇಬ್ಬರ ಫೋಟೊನೂ ಹಾಕಿದರು. ಯಾರ ಫೋಟೊಗೆ ಜಾಸ್ತಿ ಹೆಬ್ಬೆಟ್ಟು, ಅಂದರೆ ಲೈಕು, ಬೀಳುತ್ತದೋ ಅವನು ಜನನಾಯಕ. ಕೆಂಪರಾಜ್ ನನ್ನನ್ನು ಕೇಳದೆ ಹೆಬ್ಬೆಟ್ಟು ಕೊಂಡ. ಮೊದಲ ಲೋಡಿನಲ್ಲಿ ಬಂದವರೆಲ್ಲ ಬ್ರೆಜಿಲ್ಲು, ವಿಯೆಟ್ನಾಮು. ವಿಜಯಪುರದ ಮೂರನೇ ಅಡ್ಡರಸ್ತೆಯ ಚರಂಡಿ ಬಗ್ಗೆ ಬ್ರೆಜಿಲ್‌ಗೆ ಯಾಕಪ್ಪಾ ಅಷ್ಟು ಕಾಳಜಿ ಅಂತ ಜನ ನಕ್ಕರು. ಕೆಂಪರಾಜ್ ಮಾರಿದವರ ಮೇಲೆ ರೇಗಿದ. "ಲೋಕಲ್ ಮುಖ ಕೊಡ್ರೀ!"

ಕೊಟ್ಟರು. ಪಂಚೆ, ಮೀಸೆ, ಕುಂಕುಮ... ಅಪ್ಪಟ ನಮ್ಮ ಕಡೆ ಮುಖಗಳು.

ಅಲ್ಲಿಗೆ ನಿಲ್ಲಿಸಿದ್ದರೆ ಬದುಕುತ್ತಿದ್ದ. ನಿಲ್ಲಿಸಲಿಲ್ಲ. ಫ್ಲೆಕ್ಸ್ ಹಾಕಿಸಿದ!

ನಮ್ಮ ಕಡೆ ಫ್ಲೆಕ್ಸ್ ಗೊತ್ತಲ್ಲ? ನಡುವೆ ನಾಯಕ ಆಳೆತ್ತರ ಕೈ ಮುಗಿದು ನಿಂತಿರಬೇಕು. ಕೆಳಗೆ ಅಂಚೆಚೀಟಿಯಷ್ಟಗಲದ ಮುಖಗಳು, ಸಾಲು ಸಾಲಾಗಿ. 'ಶುಭ ಕೋರುವವರು'. ಮುಖ ಕಮ್ಮಿಯಾದರೆ ಮರ್ಯಾದೆ ಕಮ್ಮಿ. ಕೆಂಪರಾಜ್ ಫ್ಲೆಕ್ಸ್ ಅಂಗಡಿಗೆ ಹೇಳಿದ, "ನಂಗೆ ಒತ್ತಿರೋರ್ದೆಲ್ಲ ಪೇಜಿಂದ ಎತ್ತಿ ಹಾಕ್ಬುಡು." ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಕಟ್ಟಿಸಿದ. ಕಟ್ಟುವ ಮುಂಚೆ ನೋಡಿದ್ದು ಒಂದೇ ಮುಖ. ತನ್ನದು.

ಮಾರನೇ ದಿನ ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಎಡೆ ಇಡುವ ದಿನ.

"ನಮ್ಮಪ್ಪ ಮುನಿಸ್ವಾಮಿ ತೀರ್ಕಂಡು ಮೂರ್ ವರ್ಷ ಆಯ್ತು ಕಣ್ಲಾ," ದೇವರಾಜ್ ಹಲ್ಲು ಕಡಿದ. "ಎಡೆಗೆ ಬಾಳೆ ಎಲೆ ತರಕ್ಕೆ ಸರ್ಕಲ್‌ಗೆ ಹೋದ್ರೆ... ಆ ಬಡ್ಡಿಮಗನ ಫ್ಲೆಕ್ಸ್‌ನಲ್ಲಿ ನಗ್ತಾ ಅವ್ರೆ!"

"ಅಣ್ಣ, ಏನೋ ಮಿಸ್ಟೇಕು..."

"ಮಿಸ್ಟೇಕಾ? ಬದುಕಿದ್ದಾಗ್ಲೂ ಹಿಂಗೇ ಮಾಡಿದ್ದು! ಹೋದ್ ಸಲ ನಾನು ನಿಂತಿದ್ದಾಗ ಎದುರು ಪಾರ್ಟಿಗೆ ಒತ್ಬಂದು, ನಮ್ಮನೆ ಜಗಲಿ ಮ್ಯಾಲೇ ಕೂತ್ಕಂಡು ಊರಿಗೆಲ್ಲ ಹೇಳಿದ್ರು. 'ನನ್ ಮಗನ್ಗೆ ಹಾಕ್ಲಿಲ್ಲ ಕಣ್ರಪ್ಪಾ' ಅಂತ! ಸತ್ ಮ್ಯಾಲೂ ಬಿಡ್ಲಿಲ್ಲವಲ್ಲೋ!"

ದನಿ ಒಡೆಯಿತು. ಹಿಡಿತ ಮಾತ್ರ ಸಡಿಲವಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಧಡ್... ಧಡ್... ಗೂಡು ಒಣಗಿಸುವ ಕೋಣೆಯ ಕಬ್ಬಿಣದ ಬಾಗಿಲು.

"ಆನಂದಾ! ನಾನು ಕಣೋ, ಕೆಂಪರಾಜು! ನನ್ನ ಇಲ್ಲಿ ಕೂಡಾಕವ್ನೆ!"

ಆ ಕೋಣೆಗೆ ಹಬೆ ಬಿಟ್ಟು ಗೂಡಿನೊಳಗಿನ ಹುಳು ಸಾಯಿಸುತ್ತಾರೆ. ಮನುಷ್ಯ ಹುಳುವಿಗಿಂತ ಸ್ವಲ್ಪ ಹೊತ್ತು ಜಾಸ್ತಿ ತಡೆಯಬಹುದು. ಸ್ವಲ್ಪವೇ.

"ಟಿಕೆಟ್ ಯಾರ್ಗೆ ಅಂತ ತೀರ್ಮಾನ ಮಾಡಕ್ಕೆ ಸಾಯಂಕಾಲ ಪಕ್ಷದ ವೀಕ್ಷಕರು ಬರ್ತಾರೆ," ದೇವರಾಜ್ ನನ್ನನ್ನು ನೆಲಕ್ಕೆ ಎಸೆದ. "ಅಷ್ಟ್ರೊಳಗೆ ನಮ್ಮಪ್ಪನ ಕೈಲಿ ಒತ್ತಿಸ್ದೋರು ಯಾರು ಅಂತ ಸಾಕ್ಷಿ ತತ್ತಾ. ತರ್ಲಿಲ್ವಾ... ಹಬೆ ಬಿಡ್ತೀನಿ."

ಬಾಗಿಲ ಹಿಂದಿನಿಂದ ಮತ್ತೆ ದನಿ. "ಆನಂದಾ! ಹೋಗೋ ಮುಂಚೆ ನಂದೆಷ್ಟು ಲೈಕ್ ಆಗೈತೆ ನೋಡೋ!"

ಇಂಥವನಿಗಾಗಿ ಬೈಕ್ ಹತ್ತಿದೆ.

ಕೆಂಪರಾಜ್ ಒಮ್ಮೆ ಕೊಟ್ಟಿದ್ದ ವಿಸಿಟಿಂಗ್ ಕಾರ್ಡು ಜೇಬಿನಲ್ಲಿತ್ತು. ರಂಜಿತ, ಡಿಜಿಟಲ್ ಮಾರ್ಕೆಟಿಂಗ್, ದೊಡ್ಡಬಳ್ಳಾಪುರ. ಕೆಳಗೆ ಇನ್ನೊಂದು ನಂಬರು. ಅನಿಲ್‌ಕುಮಾರ್, ವಸೂಲಿ.

ಅಡ್ರೆಸ್ಸು ಪವರ್‌ಲೂಮ್ ಶೆಡ್ಡಿನ ಮಹಡಿ. ಕೆಳಗೆ ಮಗ್ಗಗಳ ಖಟಖಟ. ಮೇಲೆ ಕೊಲೆಯಾದರೂ ಕೆಳಗೆ ಕೇಳುವುದಿಲ್ಲ. ಜಾಗ ಚೆನ್ನಾಗಿ ಆರಿಸಿದ್ದಳು!

ಒಳಗೆ ಹೋದವನು ನಿಂತುಬಿಟ್ಟೆ.

ಗೋಡೆ ತುಂಬ ಚಂದ್ರಿಕೆ. ರೇಷ್ಮೆ ಹುಳು ಗೂಡು ಕಟ್ಟಲು ಬಿಡುತ್ತಾರಲ್ಲ, ಬಿದಿರು ತಟ್ಟಿಯ ಮೇಲೆ ಸುರುಳಿ ಸುರುಳಿ... ಅದೇ. ಆದರೆ ಸುರುಳಿಗಳ ನಡುವೆ ಹುಳು ಇಲ್ಲ. ಫೋನು! ಒಂದೊಂದು ಸಂದಿಗೆ ಒಂದೊಂದು. ಎಲ್ಲ ತಮ್ಮಷ್ಟಕ್ಕೆ ತಾವೇ ಬೆಳಗುತ್ತಿದ್ದವು, ಒತ್ತುತ್ತಿದ್ದವು. ಒಂದು ಬೆರಳೂ ಇಲ್ಲದೆ.

"ಹೇಳಿ ಬ್ರದರ್," ಅಂದಳು ಲ್ಯಾಪ್‌ಟಾಪ್ ಮುಂದಿದ್ದ ರಂಜಿತ. ತಣ್ಣನೆಯ ದನಿ, ವಾಕ್ಯದ ಕೊನೆಯಲ್ಲಿ ಸಣ್ಣಗೆ ಮೇಲೇರುತ್ತದೆ. ಗಂಟಲು ಬರೆದುಕೊಂಡಿತು.

"ಕೆಂಪರಾಜ್‌ಗೆ ನೀವು ಕೊಟ್ಟ ಮುಖಗಳು... ಎಲ್ಲಿಂದ ಬಂದ್ವು?"

"ಲೋಕಲ್ ಕೇಳಿದ್ರು, ಲೋಕಲ್ ಕೊಟ್ವಿ. ಬದುಕಿರೋರ ಫೋಟೊ ತಗೊಂಡ್ರೆ ಕಂಪ್ಲೇಂಟ್ ಕೊಡ್ತಾರೆ. ಸತ್ತೋರು ಸ್ಟೇಷನ್ ಹತ್ತಲ್ಲ ನೋಡಿ."

"ಅಂದ್ರೆ?"

"ಭಾವಪೂರ್ಣ ಶ್ರದ್ಧಾಂಜಲಿ ಅಂತ ಯಾರಾದ್ರೂ ಪೋಸ್ಟ್ ಹಾಕಿದ್ ತಕ್ಷಣ ಮಷೀನೇ ಫೋಟೊ ಎತ್ಕೊಳ್ಳುತ್ತೆ. ಹಾರ ಅಳಿಸುತ್ತೆ. ಟೋಪಿ ಹಾಕುತ್ತೆ. ಹೊಸ ಹೆಸರು, ಹೊಸ ಅಕೌಂಟು. ನಾನು ಕೈ ಕೂಡ ಹಚ್ಚಲ್ಲ. ಫುಲ್ ಆಟೊಮ್ಯಾಟಿಕ್."

ಆ ಫ್ಲೆಕ್ಸ್‌ನಲ್ಲಿ ಒಬ್ಬ ಮುನಿಸ್ವಾಮಿ ಅಲ್ಲ... ಅಷ್ಟೂ ಜನ ಸತ್ತವರು!

"ಹಾರ ತೆಗೆದು ಟೋಪಿ ಹಾಕೋದು," ಅಂದೆ. "ನಿಮ್ಮ ಬಿಸಿನೆಸ್ಸೇ ಅದು ಅನ್ನಿ ಮೇಡಂ."

ಅವಳು ನಗಲಿಲ್ಲ. "ಅನಿಲ್... ಬಾಗಿಲು ಹಾಕು."

ಬಾಗಿಲು ಮುಚ್ಚಿತು. ಅದರ ಮುಂದೆ ಅನಿಲ್‌ಕುಮಾರ್ ನಿಂತ. ಅವನು ನಿಂತ ಮೇಲೆ ಬಾಗಿಲಿನ ಅಗತ್ಯ ಇರಲಿಲ್ಲ. ಕೈಯಲ್ಲಿ ಮಗ್ಗದ ಲಾಳಿ. ಎರಡೂ ತುದಿಗೆ ಉಕ್ಕಿನ ಮೊನೆ.

ನಾನು ಹಿಂದಕ್ಕೆ ಸರಿದೆ. ಭುಜ ಚಂದ್ರಿಕೆಗೆ ತಗುಲಿತು. ಕಣ್ಣಿನ ಪಕ್ಕದಲ್ಲೇ ಒಂದು ಫೋನು ಬೆಳಗಿತು. ಅದರಲ್ಲಿ ಮುನಿಸ್ವಾಮಿ! ತಲೆ ಮೇಲೆ ಟೋಪಿ, ಅದೇ ನಗು. ಪಕ್ಷದ ಪೇಜು ತಾನಾಗಿ ತೆರೆಯಿತು. ಕೆಂಪರಾಜನ ಫೋಟೊಗೆ ಹೆಬ್ಬೆಟ್ಟು ಬಿತ್ತು. ಪೇಜು ಕೆಳಗೆ ಜಾರಿತು. ದೇವರಾಜನ ಫೋಟೊ ಬಂತು.

ಅದಕ್ಕೂ ಬಿತ್ತು!

"ಓಹೋ! ಆ ಕಡೆಯವರಿಗೂ ನೀವೇನಾ ಮೇಡಂ?"

"ಕ್ಲೈಂಟ್ ವಿಚಾರ ನಾವು ಮಾತಾಡಲ್ಲ."

ಫೋನು ಕಿತ್ತೆ. ಲಾಳಿ ಹಾರಿತು. ಕಿವಿ ಪಕ್ಕದಲ್ಲಿ ಗಾಳಿ ಸೀಳಿತು... ಠಣ್! ಗೋಡೆಗೆ ನಾಟಿತು. ಚಂದ್ರಿಕೆಯನ್ನು ಅನಿಲ್‌ಕುಮಾರನ ಮೇಲೆ ಕೆಡವಿದೆ. ಸತ್ತವರೆಲ್ಲ ಅವನ ಮೈಮೇಲೆ ಬಂದರು! ಬಾಗಿಲು ಒದ್ದೆ. ಮೆಟ್ಟಿಲು, ಮಗ್ಗ, ಬೈಕು, ರೋಡು!

ಕನ್ನಡಿಯಲ್ಲಿ ಬಿಳಿ ಜೀಪು. ಹತ್ತಿರ... ಇನ್ನೂ ಹತ್ತಿರ... ಬಂಪರು ನನ್ನ ಹಿಂದಿನ ಚಕ್ರ ಮುಟ್ಟಿತು. ಬೈಕ್ ಓಲಾಡಿತು. ಎದುರಿಗೆ ಏರ್‌ಪೋರ್ಟ್ ಕಡೆಯಿಂದ ಲಾರಿ! ಅದರ ಮೂತಿ ಮುಂದೆಯೇ ನುಗ್ಗಿ ಮಣ್ಣುದಾರಿಗೆ ಇಳಿದೆ. ದ್ರಾಕ್ಷಿ ತೋಟ. ಬೈಕ್ ಸಮೇತ ಚಪ್ಪರದ ಅಡಿಗೆ ತೂರಿಕೊಂಡೆ.

ಜೀಪು ದಾರಿಯಲ್ಲಿ ನಿಂತಿತು. ಅನಿಲ್‌ಕುಮಾರ್ ಇಳಿದ. ಸಾಲು ಸಾಲು ಬಗ್ಗಿ ನೋಡುತ್ತ ಬಂದ. ಅವನ ಬೂಟು ನನಗೆ ಕಾಣುತ್ತಿತ್ತು.

ಕಾರ್ಡು ತೆಗೆದೆ. ಕಿತ್ತುಕೊಂಡ ಫೋನಿನಿಂದಲೇ ಅವನ ನಂಬರು ಒತ್ತಿದೆ. ಫೋನೂ ಅವಳದು... ದನಿಯೂ ಅವಳದು. ಉಸಿರಿನಷ್ಟೇ ಸಣ್ಣಗೆ.

"ಅನಿಲ್! ಜೋರಾಗಿ ಮಾತಾಡಕ್ಕಾಗಲ್ಲ. ಪೊಲೀಸ್ ಬಂದಿದಾರೆ! ಕೆಳಗೆ ಮಗ್ಗದ ಹಿಂದೆ ಕೂತಿದೀನಿ. ಅವ್ನ ಬಿಡು, ಬೇಗ ಬಾ!"

"ಬಂದೇ ಮೇಡಂ, ಬಂದೇ!"

ಬೂಟು ಓಡಿತು. ಧೂಳು ಉಳಿಯಿತು.

ವಿಜಯಪುರ ಮುಟ್ಟಿದಾಗ ರೀಲಿಂಗ್ ಘಟಕದ ಕೊಳವೆ ಬುಸುಗುಡುತ್ತಿತ್ತು.

ಹಬೆ ಬಿಟ್ಟುಬಿಟ್ಟಿದ್ದ!

"ದೇವರಾಜಣ್ಣ, ನಿಲ್ಸಿ! ಸಾಕ್ಷಿ ತಂದಿದೀನಿ!"

"ಲೇಟಾಯ್ತು."

ಕಬ್ಬಿಣದ ಬಾಗಿಲ ಹಿಂದೆ ಧಡ್ ಧಡ್ ಇರಲಿಲ್ಲ. ಉಗುರು ಕೆರೆದ ಸದ್ದು ಮಾತ್ರ. ಲೈಕ್ ಕೇಳುವ ದನಿಯೂ ಅಡಗಿತ್ತು.

ಫೋನನ್ನು ಅವನ ಮೂಗಿಗೆ ಹಿಡಿದೆ. "ನೋಡಿ! ನಿಮ್ಮಪ್ಪ ಅಲ್ಲ, ಮಷೀನು! ಶ್ರದ್ಧಾಂಜಲಿ ಫೋಟೊ ಕದ್ದು ಒತ್ತಿಸ್ತಾ ಇದಾರೆ!"

ಫೋನು ಬೆಳಗಿತು. ಮುನಿಸ್ವಾಮಿ ನಕ್ಕ. ಕೆಂಪರಾಜನ ಫೋಟೊಗೆ ಹೆಬ್ಬೆಟ್ಟು. ದೇವರಾಜನ ಕತ್ತಿನ ನರ ಉಬ್ಬಿತು.

ಪೇಜು ಕೆಳಗೆ ಜಾರಿತು. ದೇವರಾಜನ ಫೋಟೊ.

ಹೆಬ್ಬೆಟ್ಟು!

ದೇವರಾಜ್ ಫೋನಿನ ಹತ್ತಿರ ಬಗ್ಗಿದ.

"ನಂಗೂ... ಒತ್ತಿದ್ರಾ?"

"ಅಣ್ಣ, ಇದು ನೀವೇ ದುಡ್ಡು ಕೊಟ್ಟು ಒತ್ಸಿರೋದು. ನೀವೂ ಅದೇ ರಂಜಿತಳ ಹತ್ರ ಹೋಗಿದ್ರಿ. ಒಂದೇ ಅಂಗಡಿ, ಒಂದೇ ಮಷೀನು."

"ಗೊತ್ತು ಕಣ್ಲಾ."

"ಹಬೆ ಅಣ್ಣಾ!"

"ಇರ್ಲಾ... ಇನ್ನೊಂದ್ ಸಲ ತೋರ್ಸು."

"ಮೊದ್ಲು ಹಬೆ!"

ಒಂದೇ ಏಟಿಗೆ ಹಬೆ ನಿಲ್ಲಿಸಿ, ಬಾಗಿಲ ಅಗುಳಿ ಹಿರಿದು, ಫೋನು ಕಸಿದುಕೊಂಡ. ಗೂಡಿನ ಬುಟ್ಟಿ ಬೋರಲು ಹಾಕಿ ಕೂತ. ಮಷೀನು ಮತ್ತೊಂದು ಸುತ್ತು ಬಂತು. ಮುನಿಸ್ವಾಮಿ ಮತ್ತೆ ಮಗನಿಗೆ ಒತ್ತಿದ. ದೇವರಾಜ್ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

"ಥೂ, ಈ ಹಬೆ!" ಅಂದ.

ಹಬೆ ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು.

ಕೆಂಪರಾಜ್ ತೆವಳಿಕೊಂಡು ಹೊರಗೆ ಬಂದ. ಸುಟ್ಟ ಬದನೆಕಾಯಿಯ ಬಣ್ಣ. ಅಂಗಿ ಮೈಗೆ ಅಂಟಿತ್ತು. ನೀರು ಕೇಳಲಿಲ್ಲ. "ವೀಕ್ಷಕರು ಬಂದ್ರಾ? ಸರ್ಕಲ್‌ಗೆ ನಡಿ!"

ಫೋನು ದೇವರಾಜನ ಕೈಯಿಂದ ಬಿಡಿಸಿಕೊಳ್ಳಲು ಎರಡು ಕೈ ಬೇಕಾದವು.

ಸರ್ಕಲ್ಲಿನಲ್ಲಿ ಜನಸಾಗರ! ಎಲ್ಲ ಕೆಂಪರಾಜನ ಫ್ಲೆಕ್ಸ್ ಮುಂದೆ, ಎಲ್ಲ ಕೈ ಮುಗಿದು. ಕೆಂಪರಾಜ್‌ಗೆ ಜೀವ ಬಂತು. "ನೋಡ್ದಾ? ಹೆಂಗೈತೆ ನನ್ ಹವಾ!"

ಹವಾ ಅಲ್ಲ. ಊದುಬತ್ತಿ ಹೊಗೆ!

ಬೆಳಿಗ್ಗೆ ಮುತ್ತಮ್ಮ ಅನ್ನುವ ಮುದುಕಿ ಆ ಅಂಚೆಚೀಟಿ ಸಾಲಿನಲ್ಲಿ ತೀರಿಹೋದ ಗಂಡನನ್ನು ಗುರುತು ಹಿಡಿದಿದ್ದಾಳೆ. ಅಮಾವಾಸ್ಯೆ ದಿನ ತಾನಾಗಿ ಕಾಣಿಸಿಕೊಂಡಿದ್ದಾನಲ್ಲ... ಎಡೆ ಅಲ್ಲೇ ತಂದು ಇಟ್ಟಳು. ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ. ಪಕ್ಕದವಳಿಗೆ ಅತ್ತೆ ಕಂಡಳು. ಇನ್ನೊಬ್ಬನಿಗೆ ಅಣ್ಣ ಕಂಡ. ಮಧ್ಯಾಹ್ನದ ಹೊತ್ತಿಗೆ ಸರ್ಕಲ್ ತುಂಬ ಬಾಳೆ ಎಲೆ. ಚಿಕ್ಕ ಮುಖಗಳಿಗೆ ಹಾರ ಕಟ್ಟಲು ಆಗುವುದಿಲ್ಲವಲ್ಲ? ಎಲ್ಲರ ಪರವಾಗಿ ನಡುವೆ ನಿಂತಿದ್ದ ದೊಡ್ಡವನಿಗೆ ಹಾಕಿದ್ದರು. ಹಾರದ ಮೇಲೆ ಹಾರ. ಹಣೆಗೆ ಕುಂಕುಮ. ಕಾಲ ಬುಡದಲ್ಲಿ ದೀಪ.

ಮುತ್ತಮ್ಮ ತಿರುಗಿದಳು. ಎದುರಿಗೆ ಕೆಂಪರಾಜ್... ಒದ್ದೆ ಮೈ, ಬೆಂದ ಮುಖ, ಹಬೆಯಾಡುವ ತಲೆ.

"ಅಯ್ಯಯ್ಯೋ! ಎಡೆ ತಿನ್ನಕ್ಕೆ ಎದ್ಬಂದ್ಬಿಟ್ಟವ್ನೇ!"

ಸರ್ಕಲ್ ಖಾಲಿ!

ಹೂವಿನ ಅಂಗಡಿಯವನು ಮಾತ್ರ ಉಳಿದ. ಶಟರ್ ಸಂದಿಯಿಂದ ಹೇಳಿದ. ವೀಕ್ಷಕರು ಬಂದಿದ್ದರಂತೆ. ಕಾರಿನ ಗಾಜು ಇಳಿಸಿದರಂತೆ. ಹಾರ ನೋಡಿ, ದೀಪ ನೋಡಿ, ಎರಡು ನಿಮಿಷ ಕೈ ಮುಗಿದು ಹೊರಟುಹೋದರಂತೆ.

ನನ್ನ ಸ್ವಂತ ಫೋನಿನಲ್ಲಿ ಪಕ್ಷದ ಪೇಜು ತೆರೆದೆ. 'ಕೆಂಪರಾಜ್ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ. ವಾರ್ಡಿನ ಟಿಕೆಟ್ ದೇವರಾಜ್ ಅವರಿಗೆ.'

ಕೆಂಪರಾಜ್ ಫೋನು ಕಿತ್ತುಕೊಂಡ. ಈಗ ನನ್ನನ್ನು ಹೊಡೆಯುತ್ತಾನೆ ಅಂದುಕೊಂಡೆ. ಇಲ್ಲ. ತನ್ನದೇ ಫ್ಲೆಕ್ಸ್ ಕೆಳಗೆ, ಯಾರದೋ ಎಡೆ ಪಕ್ಕ ಕುಕ್ಕರಿಸಿದ.

"ಲೇ ಆನಂದ... ಸಿಂಚನ ಒತ್ತವ್ಳೆ! ನನ್ ಸ್ವಂತ ನಾದ್ನಿ ಕಣೋ, ಯಾವತ್ತೂ ಒತ್ತಿರ್ಲಿಲ್ಲ! ನಮ್ ಗಂಗಣ್ಣ, ಟೈಲ್ಸ್ ಲೋಡಿಂಗ್‌ನೋನು, ಅಳೋ ಬೊಂಬೆ ಹಾಕವ್ನೆ! ಮೇಷ್ಟ್ರು ಒತ್ತವ್ರೆ! ಎಲ್ಲಾ ನಿಜವಾದ ಜನ ಕಣೋ... ಬಿಟ್ಟಿ!"

"ಬದುಕಿದೀನಿ ಅಂತ ಒಂದು ಮಾತು ಬರಿ ಗುರು."

"ಇರೋ... ಇನ್ನೂ ಬೀಳ್ತಾ ಐತೆ."

ಆಮೇಲಿನ ಚುನಾವಣೆ ನಿಮಗೆ ಗೊತ್ತೇ ಇದೆ. ದೇವರಾಜ್ ಠೇವಣಿ ಕಳೆದುಕೊಂಡ. ಮಷೀನಿಗೆ ಹೆಬ್ಬೆಟ್ಟು ಇದೆ ಸಾರ್. ಬೂತಿಗೆ ನಡೆದು ಬರಲು ಕಾಲಿಲ್ಲ. ಸೋತದ್ದಕ್ಕೆ ಅವನಿಗೇನೂ ಬೇಜಾರಿಲ್ಲ ಅನ್ನುತ್ತಾರೆ. ಅಪ್ಪ ಒತ್ತುವ ವಿಡಿಯೊ ರಂಜಿತಳಿಂದ ತರಿಸಿಕೊಂಡು ಇಟ್ಟಿದ್ದಾನಂತೆ.

ಲಾಭವೋ ನಷ್ಟವೋ, ನೀವೇ ಲೆಕ್ಕ ಹಾಕಿ. ಒಂದು ಮಾತು ಮಾತ್ರ ಬಾಕಿ.

ಅವತ್ತು ಸರ್ಕಲ್ಲಿನಲ್ಲಿ, ಕೆಂಪರಾಜ್ ತನ್ನ ಶ್ರದ್ಧಾಂಜಲಿಯ ಹೆಬ್ಬೆಟ್ಟು ನೋಡುತ್ತ ಕೂತಿದ್ದಾಗಲೇ, ನನ್ನ ಜೇಬಿನಲ್ಲಿದ್ದ ರಂಜಿತಳ ಫೋನು ಗುಂಯ್ ಅಂದಿತು. ತೆಗೆದು ನೋಡಿದೆ. ಹೊಸ ಮುಖ, ಹೊಸ ಹೆಸರು, ಹಾರ ಇಲ್ಲ, ತಲೆಗೆ ಟೋಪಿ. ಕೆಂಪರಾಜ್!

ಸತ್ತು ಒಂದು ಗಂಟೆಯೂ ಆಗಿರಲಿಲ್ಲ... ಆಗಲೇ ದೇವರಾಜ್‌ಗೆ ಒತ್ತಿದ್ದ.