ಕೆಳಗಿನ ದಾರ

"ಊದೋ... ಇನ್ನೊಂದು ಸಲ ಊದು!"

ಅತ್ತೆಯ ದನಿ ಕೇಳಿ ಹೊಲಿಗೆ ಯಂತ್ರದ ಮೇಲಿದ್ದ ಸೊಸೆಯ ಕಾಲು ತಾನಾಗಿಯೇ ನಿಂತಿತು. ನಡುಮನೆಯಲ್ಲಿ ಅವಳ ಗಂಡ ಟ್ರಂಪೆಟ್ಟನ್ನು ತುಟಿಗೆ ಒತ್ತಿ ಹಿಡಿದಿದ್ದ. ಕೆನ್ನೆ ಉಬ್ಬಿತು, ಕತ್ತಿನ ನರ ಎದ್ದಿತು, ಕಣ್ಣು ಕೆಂಪಾಯಿತು. ಹೊರಗೆ ಬಂದದ್ದು ಬರೀ ಗಾಳಿ... ಅದರ ಹಿಂದೆ ಒಂದಿಷ್ಟು ಎಂಜಲು. ಮೊದಲೆಲ್ಲ ಬ್ಯಾಂಡಿನ ಮುಂದೆ ನಿಂತು ಬೀದಿಯ ಆ ತುದಿಯಲ್ಲಿ ಅವನು ಊದಿದರೆ ಈ ತುದಿಯವರು ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಈಗ ಅವನು ಮುಖ ತಿರುಗಿಸಿ ಅಂಗಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡ. ಮೇಲ್ದುಟಿಯ ಗಾಯ ಮಾಗಿ ಕೂದಲೆಳೆಯಷ್ಟು ಗೆರೆ ಉಳಿದಿತ್ತು, ಮುಂದಿನ ಹಲ್ಲು ಅರ್ಧ ಹೋಗಿತ್ತು, ಅಷ್ಟೆ. ಡಾಕ್ಟರೂ 'ಸಣ್ಣ ಪೆಟ್ಟು' ಎಂದೇ ಬರೆದುಕೊಟ್ಟಿದ್ದರು. ಸಣ್ಣ ಪೆಟ್ಟಂತೆ! ಊದಿ ಬದುಕುವವನಿಗೆ ತುಟಿಗಿಂತ ದೊಡ್ಡದು ಇನ್ನೇನಿದೆ ಎಂದು ಯಾರೂ ಕೇಳಲಿಲ್ಲ.

"ಸುಮ್ನೆ ಬಿಡ್ತೀನಾ ಆ ಜಿಮ್ಮಿನವರನ್ನ?" ಅತ್ತೆ ಸೆರಗು ಕೊಡವಿ ಎದ್ದರು. "ಹಲ್ಲು ಕಟ್ಟಿಸಿ ಕೊಡ್ಬೇಕು. ಇವನ ಬಾಯಿ ಸರಿಹೋಗೋ ತನಕ ಮನೆ ನಡೆಸ್ಬೇಕು. ನಾಳೇನೇ ಹೋಗೋಣ. ಎಲ್ಲಾರೂ!"

ಜಿಮ್ಮಿಗೆ ಹೋಗು ಎಂದು ದೊಡ್ಡ ಮಗನಿಗೆ ಹೇಳಿದವನು ಚಿಕ್ಕ ಮಗನೇ. ಅಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಅವನು, "ಎದೆ ಗಟ್ಟಿಯಾದ್ರೆ ಉಸಿರು ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತೆ ಅಣ್ಣ" ಎಂದು ಬಲವಂತ ಮಾಡಿ ಕರೆದುಕೊಂಡು ಹೋಗಿದ್ದ. ತಲೆಯ ಮೇಲಿನ ಕಬ್ಬಿಣದ ಹಿಡಿಯನ್ನು ಎದೆಯವರೆಗೆ ಎಳೆಯುವ ಯಂತ್ರ ಅದು. ದೊಡ್ಡವನು ಮೈಯ ಬಲವನ್ನೆಲ್ಲ ಹಾಕಿ ಎಳೆಯುತ್ತಿದ್ದಾಗ ಹಿಡಿಯನ್ನು ಕೇಬಲ್ಲಿಗೆ ಕಟ್ಟಿದ್ದ ಪಟ್ಟಿ ಕಿತ್ತುಬಂದು, ಅವನ ಕೈಯಲ್ಲಿದ್ದ ಕಬ್ಬಿಣ ಅವನ ಬಾಯಿಗೇ ಬಡಿದಿತ್ತು. ಅಂದಿನಿಂದ ಚಿಕ್ಕವನು ಮನೆಯಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಣ್ಣನಿಗಾಗಿ ಪಡುವ ಸಂಕಟ ಎಂದುಕೊಂಡು ಅತ್ತಿಗೆಯೇ ಅವನಿಗೆ ಸಮಾಧಾನ ಹೇಳಿದ್ದಳು. ಪಾಪ, ಅವಳಿಗೇನು ಗೊತ್ತು!

ಮ್ಯಾನೇಜರನ ಕೋಣೆಯಲ್ಲಿ ಗಾಜಿನ ಮೇಜು, ತಣ್ಣನೆಯ ಗಾಳಿ, ಗೋಡೆಯ ತುಂಬ ಉಬ್ಬಿದ ತೋಳುಗಳ ಚಿತ್ರ. ಅತ್ತೆ ಕೂರುವ ಮೊದಲೇ ಬಾಯಿ ತೆಗೆದರು. ಅವನು ಪೂರ್ತಿ ಕೇಳಿಸಿಕೊಂಡ. ನಡುನಡುವೆ ತಲೆಯನ್ನೂ ಆಡಿಸಿದ. ಆಮೇಲೆ ಡ್ರಾಯರ್ ಎಳೆದು ಹರಿದ ಕಪ್ಪು ಪಟ್ಟಿಯೊಂದನ್ನು ಮೇಜಿನ ಮೇಲೆ ಹಾಕಿದ.

"ಇದು ಕಂಪನಿ ಪಟ್ಟಿ ಅಲ್ಲ ತಾಯಿ. ಯಾರೋ ಮನೇಲಿ ಹೊಲಿದಿರೋದು. ಹಾಕಿದವನು ನಿಮ್ಮ ಚಿಕ್ಕ ಮಗ. ದೂರು ಕೊಡ್ಲೇಬೇಕು ಅಂದ್ರೆ ಅವನ ಮೇಲೆ ಕೊಡಿ. ನಾವೂ ಅವನನ್ನ ಕೆಲಸದಿಂದ ತೆಗೆದು ನಿಮ್ಮ ಜೊತೆ ನಿಲ್ತೀವಿ."

ಬಾಗಿಲ ಬಳಿ ನಿಂತಿದ್ದ ಚಿಕ್ಕವನ ಮುಖ ಬಿಳಿಚಿಕೊಂಡಿತು. "ಸಾರ್, ಹಳೇ ಪಟ್ಟಿ ಸವೆದಿದೆ ಅಂತ ನಾನು ಎಷ್ಟು ಸಲ ಹೇಳಿದ್ದೆ! ಹೊಸದು ಬರೋವರೆಗೂ ಸದ್ಯಕ್ಕೆ ಏನಾದ್ರೂ ಮಾಡು ಅಂದಿದ್ದು ನೀವೇ ಅಲ್ವಾ ಸಾರ್?"

"ನಾನಾ?" ಮ್ಯಾನೇಜರ್ ನಕ್ಕ. "ಯಾರ ಮುಂದೆ ಹೇಳ್ದೆ?"

ಸೊಸೆಯ ಕಿವಿಗೆ ಈ ವಾದ ಬೀಳಲಿಲ್ಲ. ಅವಳ ಕಣ್ಣು ಪಟ್ಟಿಯ ಮೇಲೆ ನೆಟ್ಟಿತ್ತು. ಹರಿದ ಜಾಗದಲ್ಲಿ ಮಗುಚಿ ಬಿದ್ದಿದ್ದ ಒಳಮೈ... ಅಲ್ಲಿ ಕೆಂಪು ದಾರ!

ಆ ಕೆಂಪು ಇಡೀ ಊರಿನಲ್ಲಿ ಅವರ ಮನೆಯೊಂದರಲ್ಲೇ ಇತ್ತು. ಮಾವ ಬ್ಯಾಂಡಿನಲ್ಲಿದ್ದ ಕಾಲದಲ್ಲಿ ಸಮವಸ್ತ್ರದ ಪಟ್ಟೆ ಹೊಲಿಯಲೆಂದು ತಂದ ದಾರ ಅದು. ಮಾವ ಹೋದ ಮೇಲೆ ಅತ್ತೆ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟು, ಸೊಸೆ ಬಂದ ದಿನದಿಂದ ಅದನ್ನೇ ಖರ್ಚು ಮಾಡಿಸುತ್ತಿದ್ದರು. ಹೊಲಿಗೆಯಲ್ಲಿ ಮೇಲಿನ ದಾರ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಬಾಬಿನ್ನಿನಲ್ಲಿ ಸುತ್ತಿದ ಕೆಳಗಿನ ದಾರ ಬಟ್ಟೆಯ ಒಳಗೇ ಉಳಿಯುತ್ತದೆ. "ಕೆಳಗೆ ಯಾರು ನೋಡ್ತಾರೆ? ಅಲ್ಲಿಗೆ ಹಳೇದೇ ಹಾಕು" ಎನ್ನುವುದು ಅತ್ತೆಯ ಕಾನೂನು. ಮೈದುನ ಒಂದು ಸಂಜೆ ಯಾವುದಕ್ಕೆಂದು ಹೇಳದೆ ಪಟ್ಟಿಯ ತುಂಡು ತಂದು, "ಅತ್ತಿಗೆ, ಸದ್ಯಕ್ಕೆ ಇದನ್ನ ಹೊಲಿದು ಕೊಡಿ" ಎಂದಾಗಲೂ ಅವಳು ಹೊಸ ಉಂಡೆಗೆ ಕೈ ಹಾಕಿದ್ದಳು. "ಏನೇ, ಮದುವೆ ಬಟ್ಟೆ ಹೊಲೀತಿದ್ದೀಯಾ? ಇಡು ಅದನ್ನ!" ಎಂದು ಅತ್ತೆ ಗದರಿದ್ದರು. ದಾರ ಜೀರ್ಣವಾಗಿದೆ ಎನ್ನುವುದು ಬೆರಳಿಗೆ ಗೊತ್ತಾಗಿತ್ತು. ಬಾಯಿ ಮಾತ್ರ ಮುಚ್ಚಿಕೊಂಡಿತ್ತು. ಆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಉಸಿರಾಟದಷ್ಟೇ ಅಭ್ಯಾಸವಾಗಿ ಹೋಗಿತ್ತಲ್ಲ!

"ಹೊಲಿದವಳು ನಾನು" ಎಂದಳು.

ಎಲ್ಲರೂ ತಿರುಗಿ ನೋಡಿದರು.

"ಗಟ್ಟಿಯಾಗಿದೆ, ತಗೊಂಡು ಹೋಗಿ ಹಾಕು ಅಂತ ನಾನೇ ಕೊಟ್ಟೆ ಸಾರ್. ಅವನನ್ನ ಕೆಲಸದಿಂದ ತೆಗೀಬೇಡಿ."

ಚಿಕ್ಕವನಿಗೆ ತಡೆಯಲಾಗಲಿಲ್ಲ. "ಅತ್ತಿಗೆ ಹೊಸ ದಾರ ಹಾಕಕ್ಕೆ ಹೋದ್ರು ಅಣ್ಣ, ಅಮ್ಮಾನೇ..."

"ಸುಮ್ನಿರು!" ಸೊಸೆ ಎಂದೂ ಇಲ್ಲದ ಗಡಸು ದನಿಯಲ್ಲಿ ಅವನನ್ನು ತಡೆದಳು. "ಹೊಲಿಗೆ ನಂದು. ತಪ್ಪೂ ನಂದೇ." ಗಂಡನನ್ನು ಬ್ಯಾಂಡಿಗೆ ಸೇರಿಸಿ ಮೆರವಣಿಗೆಯ ಮುಂದೆ ನಿಲ್ಲಿಸಿದ್ದು ಅತ್ತೆಯೇ. ತನ್ನ ಕೈಯಾರೆ ಮಗನ ಉಸಿರು ಕಟ್ಟಿಸಿದೆ ಎಂದು ಆ ಮುದುಕಿಗೆ ತಿಳಿದರೆ ಉಳಿಯುತ್ತಾಳೆಯೇ?

ಅತ್ತೆ ಮೇಜು ಬಿಟ್ಟು ಸೊಸೆಯ ಕಡೆ ತಿರುಗಿದರು. ಶುರುವಾದ ಬೈಗುಳ ನಿಲ್ಲಲಿಲ್ಲ.

"ಗಂಡನ ಬಾಯಿಗೆ ನೀನೇ ಹೊಲಿಗೆ ಹಾಕಿದೆಯಲ್ಲೇ, ಪಾಪಿ! ಅನ್ನ ಹಾಕೋ ತುಟೀನ ನಿನ್ನ ಕೈಯಾರೆ ಹರಿದೆಯಲ್ಲೇ..!"

ದೊಡ್ಡವನು ಹೆಂಡತಿಯನ್ನು ನೋಡಿದ. ಆಮೇಲೆ ಮುರಿದ ಹಲ್ಲಿನ ಸಂದಿಯಿಂದ ಗಾಳಿ ಸೋರುವ ಮಾತಿನಲ್ಲಿ, "ದೂರು ಬೇಡ ಸಾರ್. ಪರಿಹಾರಾನೂ ಬೇಡ. ತಮ್ಮನ ಕೆಲಸ ಉಳಿಸಿ, ಸಾಕು" ಎಂದ.

ಮ್ಯಾನೇಜರನ ಮುಖ ಅರಳಿತು. "ನೀವು ದೊಡ್ಡ ಮನುಷ್ಯರು! ಮೂರು ತಿಂಗಳು ನಿಮಗೆ ಫೀಸೇ ಬೇಡ, ಆರಾಮಾಗಿ ಬನ್ನಿ" ಎಂದು ಕೈ ತೊಳೆದುಕೊಂಡ. ಪಟ್ಟಿಯನ್ನು ಅತ್ತೆಯ ಕಡೆ ತಳ್ಳಿ, "ನಿಮ್ಮ ವಸ್ತು, ತಗೊಂಡು ಹೋಗಿ" ಎಂದ. ನಾಚಿಕೆ ಎನ್ನುವುದು ಅವನ ಹೊಸ್ತಿಲು ತುಳಿದಂತಿರಲಿಲ್ಲ.

ಅತ್ತೆ ಅದನ್ನು ನಿಜಕ್ಕೂ ತಂದರು! ಸೊಸೆಯ ಪಾಪಕ್ಕೆ ಸಾಕ್ಷಿ ಬೇಕಿತ್ತಲ್ಲ. ಮರುದಿನ ಮಧ್ಯಾಹ್ನ ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿಕೊಂಡು, "ನೋಡಿ ಇವಳ ಕೈಗುಣ! ಇದೂ ಒಂದು ಹೊಲಿಗೇನಾ?" ಎನ್ನುತ್ತ ಪಟ್ಟಿಯನ್ನು ಮಗುಚಿ ಹಿಡಿದರು.

ಒಳಮೈಯಲ್ಲಿ ಕೆಂಪು ದಾರ!

ಪಕ್ಕದ ಮನೆಯಾಕೆ ಕಾದಳು, ಎರಡು ಸಲ ಕೆಮ್ಮಿದಳು, ಕೊನೆಗೆ ಎದ್ದು ಹೋದಳು. ಅತ್ತೆ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಕೆಂಪು ದಾರದ ಒಂದೆಳೆಯನ್ನು ಬೆರಳಿಗೆ ಸುತ್ತಿ ಎಳೆದರು. ಅದು ಸದ್ದೇ ಇಲ್ಲದೆ ತುಂಡಾಯಿತು. ಇನ್ನೊಂದು ಎಳೆದರು. ಮತ್ತೊಂದು... ಮಡಿಲ ತುಂಬ ಕೆಂಪು ಚೂರು ಬೀಳುತ್ತಿದ್ದರೂ ಅವರ ಕೈ ನಿಲ್ಲಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಸೊಸೆಗೆ ಅಳು ಉಕ್ಕಿ ಬಂತು. ನಿನ್ನೆ ಅಷ್ಟು ಜನರ ಮುಂದೆ ಬೈಸಿಕೊಂಡಾಗ ಬಾರದ ಅಳು ಈಗ ಬಂತು.

ಸಂಜೆ ದೊಡ್ಡವನು ಬ್ಯಾಂಡ್ ಮಾಸ್ತರರ ಮನೆಯಿಂದ ಬಂದ. ಟ್ರಂಪೆಟ್ ಅವನ ಕೈಯಲ್ಲಿರಲಿಲ್ಲ.

"ಬೇರೆಯವನಿಗೆ ಕೊಟ್ರು. ನಂಗೆ ದೊಡ್ಡ ಡ್ರಮ್ ಹೊರಕ್ಕೆ ಹೇಳಿದ್ದಾರೆ... ಹಿಂದಿನ ಸಾಲಲ್ಲಿ" ಎಂದು ಗೋಡೆ ನೋಡುತ್ತ ಹೇಳಿದ. "ಹೆಗಲಿಗೆ ಪಟ್ಟಿ ನಾವೇ ಮಾಡಿಸ್ಕೋಬೇಕಂತೆ."

ಸೊಸೆ ಕಣ್ಣೊರೆಸಿಕೊಂಡು ಯಂತ್ರದ ಮುಂದೆ ಕೂತು ಗಟ್ಟಿ ಬಟ್ಟೆಯೊಂದನ್ನು ಮಡಿಸಿಕೊಂಡಳು. ಅತ್ತೆ ನಿಧಾನವಾಗಿ ಎದ್ದು ಬಂದರು. ಸೆರಗಿನ ಗಂಟು ಬಿಚ್ಚಿ, ತಾವೇ ಅಂಗಡಿಗೆ ಹೋಗಿ ತಂದಿದ್ದ ದಾರದ ಉಂಡೆಗಳನ್ನು ಯಂತ್ರದ ಮೇಲೆ ಇಟ್ಟರು. ಕಾಗದ ಕೂಡ ಬಿಚ್ಚಿರಲಿಲ್ಲ.

"ಕೆಳಗೂ..." ಸೊಸೆಯ ಮುಖ ನೋಡುವ ಧೈರ್ಯ ಬಾರದೆ ಬಾಬಿನ್ನನ್ನೇ ನೋಡುತ್ತ ಮುಗಿಸಿದರು. "ಕೆಳಗೂ ಹೊಸದೇ ಹಾಕಮ್ಮ."