ಮೊದಲು ಹತ್ತೇ ಕಾಯಿನ್

ಶಿವರಾಜು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಾಗ ರಾಧಾಮಣಿಗೆ ಮೈಯೆಲ್ಲ ಉರಿದುಹೋಯಿತು.

ಬಿಳಿಗೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ತಿಪಟೂರಿಗೆ ಬಂದು, ಅವನ ಟ್ಯಾಕ್ಸ್ ಆಫೀಸಿನ ಮೆಟ್ಟಿಲು ಹತ್ತಿ, ಇನ್ನೂ ನೋಟ್‌ಬುಕ್ ತೆರೆದಿದ್ದಳಷ್ಟೇ.

"ಏನ್ರೀ, ಮನುಷ್ಯರು ಕೂತಿರೋದು ಕಾಣಲ್ವಾ? ಬೆನ್ನು ಹಾಕ್ತೀರಲ್ಲ!"

"ಆ ಪುಸ್ತಕ ಮುಚ್ಚಿದ್ರೆ ತಿರುಗ್ತೀನಿ ಕಣ್ರೀ," ಅವನು ಗೋಡೆಗೇ ಹೇಳಿದ. "ಅದ್ರಲ್ಲಿ ಹನ್ನೆರಡು ಪದ ಬರ್ಕೊಂಡಿದೀರಲ್ಲ, ಅದು ನಿಮ್ಮ ವಾಲೆಟ್ಟಿನ ಬೀಗದಕೈ. ಕಂಡೋನ ಪಾಲಾಗುತ್ತೆ ದುಡ್ಡು. ನನಗೂ ತೋರಿಸ್ಬೇಡಿ."

ಅವಳು ಪುಸ್ತಕ ಮುಚ್ಚಿದಳು. ಅವನು ತಿರುಗಿದ. ಕಿವಿಯ ಮೇಲೆ ನಾಲ್ಕು ಬಿಳಿಕೂದಲು. ನಗು ಮೊದಲು ಕಣ್ಣಿಗೆ ಬಂದು ಆಮೇಲೆ ಮೀಸೆಗೆ ಇಳಿಯುವ ಮುಖ.

ರಾಧಾಮಣಿ ಮತ್ತು ಊರಿನ ನಾಲ್ವರು ಹೆಂಗಸರು ತೆಂಗಿನ ಕರಟದಲ್ಲಿ ಅಂಗಿಗೆ ಗುಂಡಿ ಕೊರೆಯುತ್ತಿದ್ದರು. ಹೊರದೇಶದ ಗಿರಾಕಿಯೊಬ್ಬ ಗುಂಡಿ ಕೊಂಡು, ಬ್ಯಾಂಕಿಗೆ ಹಾಕುವ ಬದಲು ಒಂದಕ್ಕೆ ಒಂದು ಡಾಲರ್ ಬೆಲೆಯ ಎರಡು ಸಾವಿರದ ನಾನೂರು ಕ್ರಿಪ್ಟೋ ಕಾಯಿನ್ ಕಳಿಸಿಬಿಟ್ಟಿದ್ದ. ಐದು ಜೊತೆ ಕೈಗಳ ಆರು ತಿಂಗಳ ದುಡಿಮೆ ಫೋನಿನಲ್ಲಿ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

"ಟೆಲಿಗ್ರಾಂನಲ್ಲಿ ಒಬ್ಬ ಕಾಯಿನ್ನಿಗೆ ನಾಲ್ಕು ರೂಪಾಯಿ ಜಾಸ್ತಿ ಕೊಡ್ತಾನಂತೆ. ಇವತ್ತೇ ಅಕೌಂಟಿಗೆ ಹಾಕ್ತಾನಂತೆ."

"ನಿಮ್ಮಪ್ಪ ಹುಚ್ಚರಂಗಯ್ಯನೋರು ದನದ ವ್ಯಾಪಾರದೋರಲ್ವಾ? ಅವರನ್ನೇ ಕೇಳಿ. ಎತ್ತು ಕೊಂಡೋನು ಕೊಟ್ಟಿದ್ದು ಕದ್ದ ದುಡ್ಡಾದ್ರೆ? ಪೊಲೀಸ್ನೋರು ನಿಮ್ಮ ಅಕೌಂಟನ್ನೇ ಫ್ರೀಜ್ ಮಾಡಿಸ್ತಾರೆ. ಎತ್ತೂ ಹೋಯ್ತು, ದುಡ್ಡೂ ಹೋಯ್ತು. ಯಾರಿಗೂ ಕಾಣದ ಈ ಟವಲ್ ಅಡಿ ವ್ಯಾಪಾರ ಬೇಡ."

"ಮತ್ತೆ?"

"ಸರ್ಕಾರದಲ್ಲಿ ನೋಂದಣಿಯಾದ ಎಕ್ಸ್‌ಚೇಂಜಿದೆ. ಅಲ್ಲಿ ನಿಮ್ಮದೇ ಹೆಸರು, ನಿಮ್ಮದೇ ಬ್ಯಾಂಕು. ಟಿಡಿಎಸ್ ಹಿಡೀತಾರೆ, ತೆರಿಗೆನೂ ತೋರಿಸ್ಬೇಕು. ನಿಧಾನ ಆಗುತ್ತೆ. ಆದ್ರೆ ನಿದ್ದೆ ಬರುತ್ತೆ."

"ನಿಮಗೆಷ್ಟು ಕಮಿಷನ್ನು?"

"ರಿಟರ್ನ್ ಹಾಕೋವಾಗ ಫೀಸು. ಸದ್ಯಕ್ಕೆ ಒಂದು ಟೀ ಕುಡಿಸಿ ಸಾಕು."

ಮೊದಲ ದಿನವೇ ತೊಡಕಾಯಿತು. ಪ್ಯಾನ್ ಕಾರ್ಡಿನಲ್ಲಿ ರಾಧಾಮಣಿ ಗಂಗಾಧರ್, ಪಾಸ್‌ಬುಕ್ಕಿನಲ್ಲಿ ರಾಧಾಮಣಿ ಹೆಚ್. ಹೆಸರು ಹೊಂದದೆ ದುಡ್ಡು ಬರುವುದಿಲ್ಲ. ಗಂಡ ಗಂಗಾಧರನ ಮನೆ ಬಿಟ್ಟು ಬಂದು ಒಂಬತ್ತು ವರ್ಷವಾಗಿತ್ತು. ಯಾಕೆ ಬಿಟ್ಟೆ ಎಂದು ಈಗ ಇವನೂ ಕೇಳುತ್ತಾನೆ ಎಂದು ಅವಳು ಹಲ್ಲು ಕಚ್ಚಿ ಕಾದಳು.

"ಯಾವ ಹೆಸರು ಇಟ್ಕೊಂತೀರ?" ಅಷ್ಟೇ ಕೇಳಿದ.

"ಯಾರ ಹೆಸರೂ ಅಂಟಿಸ್ದೆ ಇರೋಕಾಗಲ್ವಾ?"

"ಯಾಕಾಗಲ್ಲ? ಅಷ್ಟು ಚೆನ್ನಾಗಿರೋ ಹೆಸರಿಗೆ ಬಾಲ ಯಾಕೆ?" ಎಂದವನು, ತಾನೇನು ಅಂದೆ ಎಂದು ಹೊಳೆದು, ಸುಮ್ಮನಿದ್ದ ಪ್ರಿಂಟರನ್ನು ಒಮ್ಮೆ ತಟ್ಟಿದ.

ಆಮೇಲೆ ಅರ್ಜಿ, ಸಹಿ, ಫೋಟೊ. ತಿಂಗಳೇ ಹಿಡಿಯಿತು. ಊರಲ್ಲಿ ಅವಳ ಜೊತೆ ಗುಂಡಿ ಕೊರೆಯುವ ಭೈರಮ್ಮ ಸುಮ್ಮನಿರುವ ಪೈಕಿಯಲ್ಲ.

"ಈ ವಾರ ಯಾವ ಪೇಪರ್ ಕಮ್ಮಿ ಆಯ್ತೇ ತಿಪಟೂರಲ್ಲಿ? ನಲವತ್ತಾದ್ರೂ ಮದ್ವೆಯಾಗ್ದಿರೋನಂತೆ ಆ ವಯ್ಯ. ಹೊಸ ಸೀರೆ ಬೇರೆ!"

"ಹಳೇದು ಕಣೇ ಇದು. ಸುಮ್ನೆ ಕೊರಿ ಬುಡು."

ಹೊಸದೇ ಆಗಿತ್ತು.

ಕೊನೆಗೆ ವಾಲೆಟ್ಟಿನಿಂದ ಎಕ್ಸ್‌ಚೇಂಜಿಗೆ ಕಾಯಿನ್ ಕಳಿಸುವ ದಿನ ಬಂತು. ಅವಳು ಎಲ್ಲವನ್ನೂ ಒಟ್ಟಿಗೇ ಕಳಿಸಲು ಹೊರಟಿದ್ದಳು. ಶಿವರಾಜು ಕೈ ಅಡ್ಡ ಹಿಡಿದ. "ಮೊದಲು ಹತ್ತೇ ಕಾಯಿನ್, ಟೆಸ್ಟಿಗೆ. ಅಡ್ರೆಸ್ಸಲ್ಲಿ ಒಂದಕ್ಷರ ತಪ್ಪಿದ್ರೂ ಯಾರಪ್ಪನಾಣೆಗೂ ವಾಪಸ್ ಬರಲ್ಲ."

ಅಡ್ರೆಸ್ಸನ್ನು ಅವನು ಅಕ್ಷರ ಬಿಡಿಸಿ ಓದಿದ. ಅವಳು ಫೋನಿನಲ್ಲಿ ಹೋಲಿಸಿದಳು. ಪಾಸ್‌ವರ್ಡ್ ಒತ್ತುವಾಗ ಅವನು ಮತ್ತೆ ಗೋಡೆಗೆ ತಿರುಗಿದ.

ಆ ಬೆನ್ನನ್ನು ಅವಳು ಕಣ್ತುಂಬ ನೋಡಿದಳು. ಗಂಗಾಧರ ಅವಳ ಪೆಟ್ಟಿಗೆ ನೋಡುತ್ತಿದ್ದ, ಪರ್ಸು ನೋಡುತ್ತಿದ್ದ, ಮಲಗಿದಾಗ ಫೋನು ನೋಡುತ್ತಿದ್ದ. ಇವನು, ತೆರೆದು ಮುಂದಿಟ್ಟರೂ ನೋಡದವನು. ಒತ್ತುವುದು ಮುಗಿದ ಮೇಲೂ ಅವಳು ಸ್ವಲ್ಪ ಹೊತ್ತು ಹೇಳಲೇ ಇಲ್ಲ.

"ಆಯ್ತೇನ್ರೀ? ಕತ್ತು ನೋಯ್ತಾ ಇದೆ."

"ತಡೀರಿ. ಇನ್ನೂ ಒಂದಕ್ಷರ ಇದೆ."

ಹತ್ತು ನಿಮಿಷಕ್ಕೆ ಕೇಳಿದ: "ತಲುಪ್ತಾ?"

"ತಲುಪ್ತು."

ಆ ಹತ್ತನ್ನು ಮಾರಿ, ರೂಪಾಯಿ ಅವಳ ಬ್ಯಾಂಕಿಗೆ ಬಂದ ಮೇಲೆಯೇ ಉಳಿದದ್ದಕ್ಕೆ ಕೈ ಹಾಕಿದರು. ಎರಡು ದಿನಕ್ಕೆ ಅದೂ ಬಂತು, 'ರಾಧಾಮಣಿ' ಎಂಬ ಒಂದೇ ಹೆಸರಿಗೆ.

"ಮುಂದಿನ ಸಲ ಗಿರಾಕಿಗೆ ನೇರ ಬ್ಯಾಂಕಿಗೇ ಹಾಕೋಕೆ ಹೇಳಿ," ಎಂದ ಶಿವರಾಜು. ಫೈಲಿನ ದಾರವನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿದ. "ಆಗ ನೀವು ಇಷ್ಟು ದೂರ ಬರೋ ಹಂಗಿರಲ್ಲ."

ರಾಧಾಮಣಿ ಬ್ಯಾಗಿನಿಂದ ಅಪ್ಪನ ಹಳೆಯ ಟವಲ್ ತೆಗೆದಳು. ಎತ್ತಿನ ರೇಟನ್ನು ಅಪ್ಪ ಎಂದೂ ಬಾಯಲ್ಲಿ ಹೇಳಿದವನಲ್ಲ. ಟವಲಿನ ಅಡಿ ಎದುರಿನವನ ಬೆರಳು ಹಿಡಿದೇ ಹೇಳುತ್ತಿದ್ದ.

"ಕೈ ಕೊಡಿ."

"ಟವಲ್ ಅಡಿ ವ್ಯಾಪಾರ ಬೇಡ ಅಂದಿದ್ನಲ್ಲ?"

"ವ್ಯಾಪಾರ ಅಲ್ಲ ಬುಡ್ರಿ."

ಅವನು ಚಾಚಿದ ಕೈಯ ಮೇಲೆ ಟವಲ್ ಹೊದಿಸಿ, ಅಡಿಯಲ್ಲಿ ಅವನ ಕಿರುಬೆರಳೊಂದನ್ನೇ ಹಿಡಿದಳು.

"ಇದು ಟೆಸ್ಟು," ಎಂದಳು. "ತಲುಪ್ತಾ?"

ಅವನು ಈ ಸಲ ಗೋಡೆಗೆ ತಿರುಗಲಿಲ್ಲ. ಅವಳನ್ನೇ ನೋಡಿದ. "ತಲುಪ್ತು. ಅಡ್ರೆಸ್ ಇನ್ನೊಂದ್ಸಲ ನೋಡ್ಕೊಳ್ರಿ. ಕಳ್ಸಿದ್ಮೇಲೆ ವಾಪಸ್ ಬರಲ್ಲ."

"ತಿಂಗಳಿಂದ ನೋಡ್ಕೊಂಡೇ ಕಳಿಸ್ತಿರೋದು."

ಟವಲಿನ ಅಡಿಯಲ್ಲಿ ಉಳಿದ ನಾಲ್ಕು ಬೆರಳೂ ಅವಳ ಕೈಗೆ ಬಂದವು.