ಮುಷ್ಕರದ ದಿನದ ಬೆಳಗಿನ ಗಾಡಿ

ಇಟಲಿಯಲ್ಲಿ ರೈಲ್ವೆಯವರು ಮುಷ್ಕರ ಹೂಡಿದರೆ ಹೈದರಾಬಾದಿನ ರೇಣುಕಾಳಿಗೆ ಹಬ್ಬ. ಇದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಅವಳಿದ್ದ ಟೂರ್ ಕಂಪನಿಯಲ್ಲಿ ಸ್ಟ್ರೈಕ್ ಎಂದರೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅವಳೊಬ್ಬಳು ಮಾತ್ರ ಕನ್ನಡಿ ನೋಡಿಕೊಂಡು, ಹೆಡ್‌ಫೋನ್ ಏರಿಸಿ ಕೂರುತ್ತಿದ್ದಳು. ಅವತ್ತಿಡೀ ವಿಶ್ವಜಿತ್ ಫೋನಿನಲ್ಲಿರುತ್ತಿದ್ದ.

ಅವನು ಟೂರ್ ಮ್ಯಾನೇಜರ್, ರಾಯಚೂರಿನವನು. ಜನರನ್ನು ಯುರೋಪಿನಲ್ಲಿ ರೈಲು ಹತ್ತಿಸಿ ಇಳಿಸುವುದು ಅವನ ಕೆಲಸ, ಟಿಕೆಟ್ ಹಾಕುವುದು ಇವಳ ಕೆಲಸ. ಮೊದಲ ಸ್ಟ್ರೈಕಿನಲ್ಲಿ ಅವಳು ಹಿಂದಿಯಲ್ಲಿ ತಡಬಡಿಸುತ್ತ, ಮಧ್ಯೆ "ಅಯ್ಯ ಶಿವನೇ" ಎಂದು ಗೊಣಗಿದ್ದಳು. ಆ ಕಡೆಯಿಂದ ನಗು ಕೇಳಿಸಿತು.

"ನಮ್ಮ ಕಡೆಯವರೇನ್ರಿ ಮೇಡಂ?"

"ನಗಬ್ಯಾಡ್ರಿ ಸರ್! ಇಲ್ಲಿ ಎಲ್ಲಾ ಗಾಡಿ ಕ್ಯಾನ್ಸಲ್ ಅಂತ ತೋರಿಸಾಕತ್ತೈತಿ."

"ಅಂಜಬ್ಯಾಡ್ರಿ. ಈ ದೇಶದಾಗ ಎಷ್ಟ ದೊಡ್ಡ ಸ್ಟ್ರೈಕ್ ಇರಲಿ, ಬೆಳಗಿನ ಗಾಡಿ ಬಂದ ಬರ್ತೈತಿ. ಕೆಲಸಕ್ಕ ಹೋಗೋರಿಗೆ ತ್ರಾಸ ಆಗಬಾರದಂತ ಕಾನೂನ ಮಾಡ್ಯಾರ."

ಆ ಮಾತು ಅವರಿಬ್ಬರ ಗುಟ್ಟಾಯಿತು. ಅವಳಿಗೆ ಬೇಸರವಾದಾಗ ಅವನು ಮೆಸೇಜ್ ಹಾಕುತ್ತಿದ್ದ: ಬೆಳಗಿನ ಗಾಡಿ ಬಂದೇ ಬರ್ತೈತಿ. ಅವಳು ಮೊಬೈಲನ್ನು ಎದೆಗೊತ್ತಿಕೊಂಡು, ಪಕ್ಕದ ಟೇಬಲಿನವರು ನೋಡಿದರೆ ಕೆಮ್ಮುತ್ತಿದ್ದಳು.

ಅವನು ಹೈದರಾಬಾದಿಗೆ ಬಂದಾಗ ಇಬ್ಬರೂ ಮೆಟ್ರೋ ಸ್ಟೇಷನ್ ಕೆಳಗಿನ ಇರಾನಿ ಹೋಟೆಲಿಗೆ ಹೋಗುತ್ತಿದ್ದರು. ಅವನು ಬಿಸಿ ಚಹಾವನ್ನು ಊದುತ್ತ ಕಪ್ಪಿನ ಅಂಚಿನ ಮೇಲಿನಿಂದ ಅವಳನ್ನೇ ನೋಡುತ್ತಿದ್ದ. ಚಹಾ ಆರಿದರೂ ಊದುವುದು ನಿಲ್ಲುತ್ತಿರಲಿಲ್ಲ.

"ಅದು ಯಾವಾಗೋ ಆರೈತಿ," ಎನ್ನುತ್ತಿದ್ದಳು ಇವಳು.

"ನಾನೆಲ್ಲಿ ಚಾ ನೋಡಾಕತ್ತೀನಿ?"

ಅವಳ ಕಿವಿ ಬಿಸಿಯಾಗುತ್ತಿತ್ತು. ಆದರೆ "ಮನೀಗೆ ಯಾವಾಗ ಬರ್ತಿ?" ಎಂದು ಕೇಳಿದರೆ ಸಾಕು, ಅವನಿಗೆ ಆ ಕಪ್ಪಿನಲ್ಲಿ ಏನೋ ಬಿದ್ದಂತೆ ಕಾಣುತ್ತಿತ್ತು. ಒಮ್ಮೆ ಜ್ವರ, ಒಮ್ಮೆ ಮೀಟಿಂಗ್, ಒಮ್ಮೆ ಅಕ್ಕನ ಮಗಳ ಜವಳ. ಪ್ರೀತಿಯಲ್ಲಿ ಬಿದ್ದವರಿಗೆ ಲೆಕ್ಕ ಬರುವುದಿಲ್ಲ ನೋಡಿ. ಅವಳು ಎಲ್ಲವನ್ನೂ ನಂಬಿದಳು.

ರೇಣುಕಾಳ ತಂದೆ ಕಾಶಿನಾಥರು ಗದಗಿನಿಂದ ಬಂದು, ಇಲ್ಲಿಯ ಡಿಫೆನ್ಸ್ ಕಾರ್ಖಾನೆಯಲ್ಲಿ ದುಡಿದು ರಿಟೈರಾದವರು. ಹೆಂಡತಿ ಹೋದ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಭಾನುವಾರ ಸೊಲ್ಲಾಪುರದವರು ಹೆಣ್ಣು ನೋಡಲು ಬರುತ್ತೇವೆಂದಾಗ ರೇಣುಕಾ ಧೈರ್ಯ ಮಾಡಿ ವಿಶ್ವಜಿತನ ವಿಷಯ ಹೇಳಿಬಿಟ್ಟಳು. ಅಪ್ಪ ಸಿಟ್ಟಾಗಲಿಲ್ಲ.

"ಶನಿವಾರ ಊರಿಗೆ ಬರ್ತಾನಂದಿ. ಸೀದಾ ಮನೀಗೆ ಬಂದು ನನ್ನ ಮುಂದ ಕುಂತು ಮಾತಾಡ್ಲಿ. ಸೊಲ್ಲಾಪುರದವರಿಗೆ ಬರಬ್ಯಾಡ್ರಿ ಅಂತ ನಾನ ಹೇಳ್ತೀನಿ. ಅವ ಬರಲಿಲ್ಲಂದ್ರ ಅವರು ಬರ್ತಾರ."

ಅಂದೇ ಬೇಗಂ ಬಜಾರಿಗೆ ಹೋಗಿ, ನೀಲಿ ಹೂವಿನ ಹೊಸ ಚಹಾ ಕಪ್ಪು-ಬಸಿ ತಂದಿಟ್ಟರು. ವಿಶ್ವಜಿತನಿಗೆ ಹೇಳಿದಾಗ ಅವನೂ "ಶನಿವಾರ ಬಂದೇ ಬರ್ತೀನಿ ರೇಣು" ಎಂದ.

ಶುಕ್ರವಾರ ಇಟಲಿಯಲ್ಲಿ ಸ್ಟ್ರೈಕ್ ಎಂದು ಮೊದಲೇ ಗೊತ್ತಿತ್ತು. ಅದೇ ಸಂಜೆ ರೋಮಿನಿಂದ ವಿಮಾನ, ಗುಂಪು ಇದ್ದದ್ದು ಫ್ಲಾರೆನ್ಸಿನಲ್ಲಿ. ರೇಣುಕಾ ಹೇಗೋ ಕಾಡಿ ಬೇಡಿ ಒಂದು ಸಣ್ಣ ಬಸ್ಸು ಹಿಡಿದಳು. ಮೂರು ಸೀಟು ಕಡಿಮೆ ಬಿದ್ದವು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಸುಗಲಮ್ಮ ಎಂಬ ಅಜ್ಜಿ, ಆಕೆಯ ಮಗ ಗೋಪಿನಾಥ, ಮತ್ತೆ ವಿಶ್ವಜಿತ್. ಕೊನೆಯವರ ಜೊತೆ ಮ್ಯಾನೇಜರ್ ಬರಬೇಕು, ಅದು ಕಂಪನಿಯ ಪದ್ಧತಿ. ಆ ಮೂವರಿಗೂ ಬೆಳಗಿನ ಗಾಡಿ. ರಿಸರ್ವೇಶನ್ ಇಲ್ಲದ ಗಾಡಿ, ಸಿಕ್ಕ ಸೀಟಿನಲ್ಲಿ ಕೂರಬೇಕು.

ಶುಕ್ರವಾರ ಹೈದರಾಬಾದಿನಲ್ಲಿ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾದಾಗ ಅವನ ಫೋನ್ ಬಂತು.

"ರೇಣು, ಗಾಡಿ ತುಂಬಿಬಿಟ್ಟಿತ್ತು. ಕಾಲಿಡಾಕ ಜಾಗಾ ಇಲ್ಲ. ತಾಯಿ ಮಗನ್ನ ಹೆಂಗೋ ತುರುಕಿದೆ, ನನಗ ಹತ್ತಾಕ ಆಗಲಿಲ್ಲ. ಇನ್ನ ಸಂಜೀತನಾ ಗಾಡಿ ಇಲ್ಲ. ವಿಮಾನ ತಪ್ಪತೈತಿ."

ಅವಳ ಕಣ್ಣು ತುಂಬಿ ಬಂತು. "ನೀ ಚಿಂತಿ ಮಾಡಬ್ಯಾಡ. ನಾ ಏನಾರ ದಾರಿ ಹುಡುಕತೀನಿ," ಎಂದಳು.

"ಬಿಡು, ಯಾಕ ಒದ್ದಾಡ್ತಿ? ಮುಂದಿನ ವಾರ ನೋಡೂಣು."

ಅವಳು ಬಿಡಲಿಲ್ಲ. ಟ್ಯಾಕ್ಸಿಯವರಿಗೆ, ಕಾರ್ ಬಾಡಿಗೆಯವರಿಗೆ ಫೋನ್ ಮಾಡಿದಳು. ಬಾಡಿಗೆ ಎಷ್ಟೇ ಆಗಲಿ, ಮೇಲಿನವರ ಕೈಕಾಲು ಹಿಡಿದಾದರೂ ಒಪ್ಪಿಸುತ್ತೇನೆಂದುಕೊಂಡಳು. ಅಷ್ಟರಲ್ಲಿ ವಿಡಿಯೋ ಕಾಲ್ ಬಂತು. ಪರದೆ ತುಂಬ ಸುಗಲಮ್ಮನ ಮೂಗುಬೊಟ್ಟು.

"ರೇಣುಕಾ, ಎಂಥಾ ಚಲೋ ಗಾಡಿ ಹತ್ತಿಸಿದಿ ನಮ್ಮವ್ವಾ! ನೋಡಿಲ್ಲೆ, ಕಾಲು ಚಾಚಿ ಕುಂತೀನಿ."

ಗೋಪಿನಾಥ ಮೊಬೈಲ್ ತಿರುಗಿಸಿದ. ಉದ್ದಕ್ಕೂ ಖಾಲಿ ಸೀಟುಗಳು. ಸ್ಟ್ರೈಕೆಂದು ಅರ್ಧ ಊರು ಮನೆಯಲ್ಲೇ ಉಳಿದಿತ್ತೇನೋ. ಅಜ್ಜಿಯ ಪಕ್ಕದ ಸೀಟಿನಲ್ಲಿ ಅವಳ ಚಟ್ನಿಪುಡಿಯ ಕೈಚೀಲ ಆರಾಮಾಗಿ ಕೂತಿತ್ತು.

"ಹತ್ತಿದಾಗಿಂದ ಹಿಂಗೇ ಖಾಲಿ ಐತೇನಮ್ಮಾ?"

"ಹೂನವ್ವಾ. ಆ ಹುಡುಗಗ ಇಲ್ಲೇ ಕೂಡು ಅಂದೆ. ಆಫೀಸಿನವರು ಇಲ್ಲೇ ಇರು ಅಂದಾರ ಅಂತ ಬಾಗಲದಾಗಿಂದನ ವಾಪಸ್ ಹೋದ. ಯಾಕ ಇರು ಅಂದ್ರಿ ಅವಂಗ? ಪಾಪ, ಮಾರಿ ಸಣ್ಣದಾಗಿತ್ತು."

ಆಫೀಸು ಅಂದರೆ ಅವಳೇ. ಇನ್ನಾರೂ ಅಲ್ಲ.

"ಕೆಲಸ ಐತಿ ಅಮ್ಮಾ ಅವರಿಗೆ," ಎಂದಳು. ಫೋನಿಟ್ಟು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು, ಬೇಕಾದಷ್ಟು ಅತ್ತಳು. ಮುಖ ತೊಳೆದುಕೊಂಡು ಬಂದು ಅವನಿಗೆ ಫೋನ್ ಹಚ್ಚಿದಳು.

"ಗಾಡಿ ತುಂಬಿತ್ತೇನು?"

"ಹೇಳಿದೆನಲ್ಲ ರೇಣು..."

"ನಿನ್ನ ಸೀಟಿನ್ಯಾಗ ಸುಗಲಮ್ಮನ ಚೀಲ ಕುಂತೈತಿ. ಈಗ ನೋಡಿದೆ."

ಈ ಸಲ ಆ ಕಡೆಯಿಂದ ನಗು ಬರಲಿಲ್ಲ.

"ನಮ್ಮಪ್ಪಗ ಅಂಜಿದೇನು?"

"ಅಪ್ಪಗಲ್ಲ." ಅವನ ದನಿ ಒಡೆಯಿತು. "ಫೋನಿನ್ಯಾಗ ನಾ ಭಾಳ ಚಲೋ ಮನಶ್ಯಾ ರೇಣು. ಸ್ಟ್ರೈಕ್ ಇದ್ದಾಗ ಇನ್ನೂ ಚಲೋ. ಮನ್ಯಾಗ ದಿನಾ ಅಷ್ಟ ಚಲೋ ಇರಾಕ ಆಗಂಗಿಲ್ಲ ನನ್ನ ಕೈಲೆ. ಒಂದು ಕಾಲು ಗಾಡಿ ಒಳಗ ಇಟ್ಟಿದ್ದೆ. ಎರಡನೇದು ಏಳಲಿಲ್ಲ."

"ನನ್ನ ಮ್ಯಾಲ ಪ್ರೀತಿ ಇಲ್ಲೇನು?"

"ಐತಿ."

ಇಲ್ಲ ಎಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇದೆ ಎಂದು ಇಷ್ಟು ಸುಲಭವಾಗಿ ಹೇಳಿದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಿತು. ಅವಳು ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು.

"ವಿಶ್ವಜಿತ್ ಅವರೇ, ನಿಮ್ಮ ಟಿಕೆಟ್ ಸೋಮವಾರಕ್ಕ ಹಾಕಾಕತ್ತೀನ್ರಿ. ಕಿಟಕಿ ಪಕ್ಕ ಬೇಕೇನ್ರಿ?"

"ರೇಣು..."

"ಕಿಟಕಿ ಪಕ್ಕ ಹಾಕೀನ್ರಿ," ಎಂದು ಫೋನಿಟ್ಟಳು.

ಶನಿವಾರ ಸಂಜೆ ಕಾಶಿನಾಥರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಹೊಸ ಕಪ್ಪುಗಳನ್ನು ತೊಳೆದು ಟ್ರೇಯಲ್ಲಿ ಬೋರಲು ಹಾಕಿದ್ದರು. ರೇಣುಕಾಳಿಗೆ ಅವರ ಮುಖ ನೋಡಲಾಗಲಿಲ್ಲ.

"ಸ್ಟ್ರೈಕ್ ಆತಪ್ಪಾ ಅಲ್ಲಿ. ವಿಮಾನ ತಪ್ಪೈತಿ. ಬರಾಕ ಆಗಲಿಲ್ಲ."

ಯಾಕೆ ಸುಳ್ಳು ಹೇಳಿದಳೋ. ಅವನ ಮಾನ ಉಳಿಸಬೇಕೆಂದಿರಬೇಕು, ಇಲ್ಲವೇ ಅಂಥವನನ್ನು ನಂಬಿದ ತನ್ನ ಮಾನವನ್ನು. ಅಪ್ಪ ಮಾತ್ರ ಗಂಭೀರವಾಗಿ ತಲೆಯಾಡಿಸಿದರು. ಅವರೂ ಹಿಂದೆ ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರಕ್ಕೆ ಕೂತವರು.

"ಸ್ಟ್ರೈಕ್ ಆದ್ರ ಆ ಹುಡುಗನ ತಪ್ಪೇನೈತಿ? ಪರದೇಶದಾಗ ಒಬ್ಬನೇ ಸಿಕ್ಕೊಂಡು ಎಷ್ಟ ತ್ರಾಸ ಪಡಾಕತ್ತಾನೋ ಏನೋ. ಸೊಲ್ಲಾಪುರದವರಿಗೆ ಈಗ ಫೋನ್ ಮಾಡ್ತೀನಿ. ಇನ್ನೊಂದು ವಾರ ಕಾಯೂಣು, ಏನಾತು?"

ಕನ್ನಡಕ ಏರಿಸಿಕೊಂಡು ಅವರು ನಂಬರ್ ಹುಡುಕತೊಡಗಿದರು. ಎರಡು ವರ್ಷ ಅವಳು ಕಾದದ್ದು ಈ ಮಾತಿಗೇ. ಅಪ್ಪ ಒಪ್ಪಿದ್ದರು, ಬಾಗಿಲು ತೆರೆದಿತ್ತು, ಬರಬೇಕಾದವನು ಮಾತ್ರ ಬರುವವನಲ್ಲ. ರೇಣುಕಾ ಅವರ ಕೈಯಿಂದ ಮೊಬೈಲ್ ಮೆಲ್ಲಗೆ ತೆಗೆದುಕೊಂಡಳು.

"ಅವನ ಸಲುವಾಗಿ ಯಾರಿಗೂ ಫೋನ್ ಮಾಡಬ್ಯಾಡಪ್ಪಾ."

"ಯಾಕವ್ವಾ?"

"ಬೆಳಗಿನ ಗಾಡಿ ಬಂದಿತ್ತು," ಎಂದಳು. "ಖಾಲಿ ಇತ್ತು. ಅವ ಹತ್ತಲಿಲ್ಲ."

ಕಾಶಿನಾಥರು ಮಗಳ ಮುಖವನ್ನೇ ನೋಡಿದರು. ಅಡುಗೆಮನೆಗೆ ಹೋಗಿ ಚಹಾ ಕಾಸಿ, ನೀಲಿ ಹೂವಿನ ಕಪ್ಪುಗಳಲ್ಲೇ ಸೋಸಿ ತಂದು ಒಂದನ್ನು ಅವಳ ಮುಂದಿಟ್ಟರು.

"ಕುಡಿಯವ್ವಾ, ಆರ್ತೈತಿ," ಎಂದರು.

ಅವಳು ಊದಲಿಲ್ಲ. ಬಿಸಿಯಿದ್ದಂತೆಯೇ ಕುಡಿದಳು.